ತಾಮ್ರದ ತಗಡಿನ ಗೆರೆಗಳಲ್ಲಿ ಉಕ್ಕಿನ ಕುಲುಮೆ

ಫೋಟೋ ಬರುವ ಮುನ್ನ ಕುಲುಮೆ, ಗಣಿ, ಕಾರ್ಖಾನೆಗಳ ಚಿತ್ರಗಳನ್ನು ತಾಮ್ರದ ತಗಡಿನ ಮೇಲೆ ಗೆರೆ ಕೊರೆದು ಮುದ್ರಿಸುತ್ತಿದ್ದರು. ಉಳಿಯಿಂದ ನೇರವಾಗಿ ಕೊರೆಯುವುದು ಎನ್‌ಗ್ರೇವಿಂಗ್. ಎಚಿಂಗ್‌ನಲ್ಲಿ ಕೊರೆಯುವುದು ಆಮ್ಲ. ತಗಡಿಗೆ ಮೇಣ ಬಳಿದು, ಸೂಜಿಯಿಂದ ಗೆರೆ ಎಳೆದು, ಸಾರರಿಕ್ತ ನೈಟ್ರಿಕ್ ಆಮ್ಲದಲ್ಲಿ ಮುಳುಗಿಸಿದರೆ ಮೇಣ ಹೋದಲ್ಲಿ ಮಾತ್ರ ತಾಮ್ರ ಕರಗುತ್ತದೆ. ಹೆಚ್ಚು ಹೊತ್ತು ಬಿಟ್ಟಷ್ಟೂ ಗೆರೆ ಆಳವಾಗಿ, ಶಾಯಿ ಹೆಚ್ಚು ಹಿಡಿದು ಕಪ್ಪಾಗಿ ಮೂಡುತ್ತದೆ. ಭೂತಗನ್ನಡಿಯಲ್ಲಿ ನೋಡಿ: ಉಳಿಯ ಗೆರೆಯ ತುದಿ ಚೂಪು, ಆಮ್ಲದ ಗೆರೆಯ ತುದಿ ಮೊಂಡು.

1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್‌ನ ಪ್ರವಾಸ ಗ್ರಂಥ 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಅದರಲ್ಲಿ ಇಲ್ಲಿನ ಕಬ್ಬಿಣ, ಉಕ್ಕಿನ ಕೆಲಸದ ಸಲಕರಣೆಗಳ ಚಿತ್ರಗಳೂ ಇವೆ. ಇಂಥ ಚಿತ್ರವನ್ನು ತರಗತಿಯಲ್ಲಿ ತೋರಿಸುವಾಗ ಮೂರು ಪ್ರಶ್ನೆ ಕೇಳಿ. ಗಾಳಿ ಎಲ್ಲಿಂದ ಒಳಬರುತ್ತದೆ? ಇದ್ದಿಲನ್ನು ಎಲ್ಲಿ ಹಾಕುತ್ತಾರೆ? ಬೂದಿ ಎಲ್ಲಿಂದ ಹೊರಬೀಳುತ್ತದೆ?

ಚಿನ್ನರಾಯನದುರ್ಗದ ಉಕ್ಕಿನ ಕುಲುಮೆಯ ಬಗ್ಗೆ ಉತ್ತರ ಬುಕನನ್‌ನ ಬರಹದಲ್ಲೇ ಇದೆ. ಒಲೆ ನೆಲದೊಳಗೆ ಎರಡು ಮೊಳ ಆಳದ ದುಂಡು ಗುಂಡಿ. ಅದರ ಬುಡದಿಂದ ಹೊರಟ ಬೂದಿಗಾಲುವೆ ಗುಡಿಸಲಿನ ಹೊರಗೆ, ಆಳೊಬ್ಬ ಕುಳಿತುಕೊಳ್ಳುವಷ್ಟು ದೊಡ್ಡ ಹಳ್ಳದಲ್ಲಿ ಮುಗಿಯುತ್ತದೆ. ಒಲೆಗೂ ತಿದಿ ಒತ್ತುವವನಿಗೂ ನಡುವೆ ಮಣ್ಣಿನ ಗೋಡೆ. ಕಿಡಿ, ಝಳ ಅವನಿಗೆ ತಗಲದಿರಲೆಂದು. ಗೋಡೆಯ ಬುಡದಲ್ಲಿ ತೂರಿಸಿದ ಮಣ್ಣಿನ ಕೊಳವೆಯಲ್ಲಿ ಎರಡು ತಿದಿಗಳ ಗಾಳಿ ಒಲೆಗೆ ಹೋಗುತ್ತದೆ. ಒಮ್ಮೆಗೆ ಹದಿನೈದು ಮೂಸೆ. ಅವುಗಳಲ್ಲಿ ಒಂದು ಖಾಲಿ! ಅದನ್ನು ಹೊರಗೆಳೆದು ಆ ಸಂದಿಯಿಂದ ಇದ್ದಿಲು ತುಂಬುತ್ತಿದ್ದರು. ಸರಳವಾದರೂ ಜಾಣ ಉಪಾಯ.

ಪ್ರತಿ ಮೂಸೆಯಲ್ಲಿ ಕಬ್ಬಿಣದ ತುಂಡಿನ ಜೊತೆ ತಂಗಡಿ ಕಡ್ಡಿ, ಎರಡು ಹಸಿರೆಲೆ. ಜಡಿಗೇನಹಳ್ಳಿಯಂಥ ಬಯಲುಸೀಮೆಯ ಮಕ್ಕಳಿಗೆ ಹಳದಿ ಹೂವಿನ ತಂಗಡಿಯನ್ನು ಪರಿಚಯಿಸಬೇಕಿಲ್ಲ. ಮುಚ್ಚಳ ಹಾಕಿ ಮಣ್ಣು ಮೆತ್ತಿದ್ದರಿಂದ ಕಡ್ಡಿ ಸುಟ್ಟು ಬೂದಿಯಾಗದೆ ಇದ್ದಿಲಾಗುತ್ತದೆ, ಅದರ ಇಂಗಾಲ ಕಬ್ಬಿಣಕ್ಕೆ ಸೇರುತ್ತದೆ. ಶುದ್ಧ ಕಬ್ಬಿಣ ಕರಗಲು 1538 ಡಿಗ್ರಿ ಸೆಲ್ಸಿಯಸ್ ಬೇಕು. ಶೇಕಡ ಒಂದೂವರೆಯಷ್ಟು ಇಂಗಾಲ ಸೇರಿದರೆ ಅದಕ್ಕಿಂತ ಸುಮಾರು ನೂರು ಡಿಗ್ರಿ ಕಡಿಮೆ ಸಾಕು. ನಾಲ್ಕು ಗಂಟೆ ತಿದಿ ಒತ್ತಿದರೆ ಉಕ್ಕು ಸಿದ್ಧ.

19ನೆಯ ಶತಮಾನದಲ್ಲಿ ಈ ಕಸುಬು ಕ್ಷೀಣಿಸಿತು. ಅದನ್ನು ತಿಳಿಯಲು ಈಗ ಇರುವುದು ಇಂಥ ಬರಹ, ಚಿತ್ರ, ಮತ್ತೆ ನೆಲದಲ್ಲಿ ಸಿಗುವ ಕಿಟ್ಟ, ಮೂಸೆಯ ಚೂರುಗಳು.

ಇನ್ನೊಂದು ಮಾತು. ಈ ಉಕ್ಕಿನಿಂದ ಮಾಡಿದ ಕತ್ತಿಗೂ ಆಮ್ಲ ಬೇಕಿತ್ತು. ಹೊಳಪು ಕೊಟ್ಟ ಅಲಗಿಗೆ ಸಾರರಿಕ್ತ ಆಮ್ಲ ಸವರಿದರೆ ಕಬ್ಬಿಣದ ಭಾಗ ಕಪ್ಪಾಗಿ, ಕಾರ್ಬೈಡಿನ ಭಾಗ ಬೆಳ್ಳಗೆ ಉಳಿದು, ನೀರಿನ ಅಲೆಯಂಥ ವಿನ್ಯಾಸ ಮೂಡುತ್ತದೆ. ಅದೂ ಎಚಿಂಗೇ.