ಬಿರುಗಾಳಿಗೆ ಮುನ್ನ ಚಾವಣಿಯ ಅಂಚನ್ನು ನೋಡಿ

(ನಮ್ಮ ಕೂಟದ ಯುಗಾದಿ ಸಮಾರಂಭದಲ್ಲಿ ಅತಿಥಿಗಳಾಗಿ ಬಂದಿದ್ದ ಕಟ್ಟಡ ಎಂಜಿನಿಯರರೊಬ್ಬರು ನೀಡಿದ ಉಪನ್ಯಾಸದ ಲಿಖಿತ ರೂಪ. – ಸಂ.)



ಬೇವು-ಬೆಲ್ಲದ ದಿನ ಚಾವಣಿಯ ಮಾತನಾಡಲು ನನ್ನನ್ನು ಕರೆದಿದ್ದೀರಿ. ಇದಕ್ಕೆ ಕಾರಣವುಂಟು. ಫ್ಲಾರಿಡದಲ್ಲಿ ನೆಲೆಸಿದ ನಮ್ಮವರಲ್ಲಿ ಹಲವರು ಇಂದು ಚಿಕಿತ್ಸಾಲಯ, ಮೋಟೆಲು, ದಿನಸಿ ಅಂಗಡಿ, ಕಚೇರಿ ಕಟ್ಟಡಗಳ ಒಡೆಯರಾಗಿದ್ದಾರೆ. ಅಟ್ಲಾಂಟಿಕ್ ಸಾಗರದ ಹರಿಕೇನ್ ಋತು ಜೂನ್ 1ರಂದು ಆರಂಭವಾಗಿ ನವೆಂಬರ್ 30ಕ್ಕೆ ಮುಗಿಯುತ್ತದೆ. ಯುಗಾದಿಯಿಂದ ಜೂನ್‌ವರೆಗಿನ ದಿನಗಳೇ ಚಾವಣಿಯನ್ನು ಸಿದ್ಧಗೊಳಿಸಲು ಸಕಾಲ. ಮಲೆನಾಡು, ಕರಾವಳಿಗಳಲ್ಲಿ ಬೆಳೆದವರಿಗೆ ಇದು ಹೊಸ ಮಾತಲ್ಲ. ಮೃಗಶಿರಾ ಮಳೆ ಹಿಡಿಯುವ ಮುನ್ನ ಮಾಡು ಹತ್ತಿ, ಒಡೆದ ಹಂಚನ್ನು ಬದಲಿಸುವ ಕೆಲಸವನ್ನು ನಮ್ಮ ಹಿರಿಯರು ತಪ್ಪಿಸುತ್ತಿರಲಿಲ್ಲ.

ಬಿರುಗಾಳಿಯು ಚಾವಣಿಯನ್ನು ಮೇಲಿನಿಂದ ಅದುಮಿ ಮುರಿಯುತ್ತದೆಂದು ಅನೇಕರು ಭಾವಿಸುತ್ತಾರೆ. ವಾಣಿಜ್ಯ ಕಟ್ಟಡಗಳ ಚಪ್ಪಟೆ ಚಾವಣಿಗಳಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ. ಗೋಡೆಗೆ ಬಡಿದ ಗಾಳಿ ಮೇಲಕ್ಕೆ ಚಿಮ್ಮಿ ಚಾವಣಿಯ ಅಂಚನ್ನು ದಾಟುವಾಗ ಅಲ್ಲಿ ಸುಳಿಗಳೇಳುತ್ತವೆ. ಸುಳಿಯ ಕೆಳಗೆ ಒತ್ತಡ ಕುಗ್ಗುವುದರಿಂದ ಚಾವಣಿಯ ಹೊದಿಕೆ ಮೇಲಕ್ಕೆ ಸೆಳೆಯಲ್ಪಡುತ್ತದೆ. ಈ ಸೆಳೆತ ಮೂಲೆಗಳಲ್ಲಿ ಅತಿ ಹೆಚ್ಚು, ಅಂಚುಗಳಲ್ಲಿ ಅದಕ್ಕಿಂತ ಕಡಿಮೆ, ನಡುಭಾಗದಲ್ಲಿ ಇನ್ನೂ ಕಡಿಮೆ. ಗಾಳಿಯ ವೇಗ ಇಮ್ಮಡಿಯಾದರೆ ಒತ್ತಡ ನಾಲ್ಕು ಮಡಿಯಾಗುತ್ತದೆ. ಗಂಟೆಗೆ 150 ಮೈಲಿ ವೇಗದ ಗಾಳಿಯ ಒತ್ತಡ ಚದರ ಅಡಿಗೆ ಸುಮಾರು 57 ಪೌಂಡು. ಮೂಲೆಗಳಲ್ಲಿ ಸೆಳೆತವು ಇದರ ಎರಡರಷ್ಟನ್ನೂ ಮೀರಬಲ್ಲುದು. ಕಿಟಕಿಯೋ ಸರಕಿನ ದೊಡ್ಡ ಬಾಗಿಲೋ ಒಡೆದರೆ ಒಳನುಗ್ಗಿದ ಗಾಳಿಯು ಕೆಳಗಿನಿಂದಲೂ ಚಾವಣಿಯನ್ನು ಎತ್ತುತ್ತದೆ.

1992ರ ಆಗಸ್ಟ್ 24ರಂದು ಆಂಡ್ರೂ ಹರಿಕೇನ್ ದಕ್ಷಿಣ ಫ್ಲಾರಿಡವನ್ನು ಧ್ವಂಸಮಾಡಿದ ಮೇಲೆ ಇಲ್ಲಿಯ ಕಟ್ಟಡ ನಿಯಮಗಳು ಬಿಗಿಯಾದವು. ಇಡೀ ರಾಜ್ಯಕ್ಕೆ ಅನ್ವಯಿಸುವ ಏಕರೂಪದ ನಿಯಮಾವಳಿ 2002ರ ಮಾರ್ಚಿನಲ್ಲಿ ಜಾರಿಗೆ ಬಂದಿತು. ಆದ್ದರಿಂದ ನಿಮ್ಮ ಚಾವಣಿಯನ್ನು ಯಾವ ವರ್ಷ ಹಾಕಲಾಯಿತೆಂಬುದನ್ನು ಮೊದಲು ತಿಳಿದುಕೊಳ್ಳಿ. ಆದರೆ ನಿಯಮದಂತೆ ಕಟ್ಟಿದ ಚಾವಣಿಯೂ ಬಿಸಿಲು ಮಳೆಗಳಲ್ಲಿ ಸವೆಯುತ್ತದೆ ಎಂಬುದನ್ನು ಮರೆಯಬಾರದು.

ನನ್ನ ಅನುಭವದ ಒಂದು ಸಂಗತಿಯನ್ನು ಹೇಳುತ್ತೇನೆ. 2004ರ ಮೇ ತಿಂಗಳಲ್ಲಿ ವೈದ್ಯ ಮಿತ್ರರೊಬ್ಬರ ಚಿಕಿತ್ಸಾಲಯದ ಚಾವಣಿಯನ್ನು ನೋಡಲು ಹೋಗಿದ್ದೆ. ಒಂದು ಮೂಲೆಯಲ್ಲಿ ಅಂಚಿನ ಲೋಹದ ಪಟ್ಟಿ ಸಡಿಲವಾಗಿ, ಕೈಯಿಟ್ಟರೆ ಅಲುಗಾಡುತ್ತಿತ್ತು. ಅರ್ಧ ದಿನದ ಕೆಲಸ. "ಡಿಸೆಂಬರಿನಲ್ಲಿ ಒಟ್ಟಿಗೇ ಮಾಡಿಸೋಣ" ಎಂದರು ಮಿತ್ರರು. ನಾನೂ ಒತ್ತಾಯಿಸಲಿಲ್ಲ. ಆಗಸ್ಟ್ 13ರಂದು ಚಾರ್ಲಿ ಹರಿಕೇನ್ ಬಂದಿತು. ಗೋಡೆಗಳು ಕದಲಲಿಲ್ಲ. ಆದರೆ ಆ ಪಟ್ಟಿ ಎದ್ದಿತು, ಅದರ ಹಿಂದೆ ಹೊದಿಕೆ ಬಾಳೆಹಣ್ಣಿನ ಸಿಪ್ಪೆಯಂತೆ ಸುಲಿದುಬಂದಿತು. ಒಳಸುರಿದ ಮಳೆ ಎಕ್ಸ್‌ರೇ ಯಂತ್ರವನ್ನೂ ರೋಗಿಗಳ ಕಡತಗಳನ್ನೂ ಹಾಳುಮಾಡಿತು. ತಿಂಗಳುಗಟ್ಟಲೆ ಬಾಗಿಲು ಮುಚ್ಚಿದ್ದರಿಂದ ಅಲ್ಲಿ ದುಡಿಯುತ್ತಿದ್ದವರು ಬೇರೆ ಕೆಲಸ ಹುಡುಕಿಕೊಂಡು ಹೋದರು. ಮಿತ್ರರು ನನ್ನನ್ನು ಕೇಳಿದ್ದು ಒಂದೇ ಮಾತು: "ನೀವು ಇನ್ನೊಮ್ಮೆ ಹೇಳಬಾರದಿತ್ತೆ?"

ಹಾಗಾದರೆ ಋತುವಿಗೆ ಮುನ್ನ ಏನನ್ನು ಮಾಡಿಸಬೇಕು?

ಮೊದಲನೆಯದು ಅಂಚು. ಚಾವಣಿಯ ಸುತ್ತಲಿನ ಲೋಹದ ಪಟ್ಟಿಯನ್ನೂ ಕೈಪಿಡಿಗೋಡೆಯ ಮೇಲಿನ ಮುಚ್ಚಳವನ್ನೂ, ವಿಶೇಷವಾಗಿ ಮೂಲೆಗಳಲ್ಲಿ, ಪರೀಕ್ಷಿಸಬೇಕು. ಅಲುಗಿದರೆ, ತುಕ್ಕು ಹಿಡಿದ ಮೊಳೆ ಕಂಡರೆ, ಆಗಲೇ ಬಿಗಿಗೊಳಿಸಬೇಕು.

ಎರಡನೆಯದು ಹೊದಿಕೆ. ಬಿಟ್ಟ ಬೆಸುಗೆ, ಉಬ್ಬು, ಸೀಳುಗಳನ್ನು ಹುಡುಕಬೇಕು. ಮಳೆ ನಿಂತು ಎರಡು ದಿನಗಳಾದರೂ ನೀರು ನಿಂತಿದ್ದರೆ ಇಳಿಜಾರಿನಲ್ಲಿ ದೋಷವಿದೆಯೆಂದು ತಿಳಿಯಬೇಕು.

ಮೂರನೆಯದು ನೀರಿನ ದಾರಿ. ಹತ್ತು ಸಾವಿರ ಚದರ ಅಡಿಯ ಚಾವಣಿಯ ಮೇಲೆ ಒಂದೇ ಒಂದು ಅಂಗುಲ ನೀರು ನಿಂತರೆ ಅದರ ಭಾರ 52,000 ಪೌಂಡು. ಎಲೆ, ಕಸಗಳಿಂದ ಕೊಳವೆ ಕಟ್ಟಿಕೊಂಡರೆ ಈ ಭಾರ ಏರುತ್ತಲೇ ಹೋಗುತ್ತದೆ. ಹೆಚ್ಚಿನ ನೀರು ಹೊರಹೋಗಲು ಕೈಪಿಡಿಗೋಡೆಯಲ್ಲಿ ಬಿಟ್ಟ ಕಿಂಡಿಗಳೂ ತೆರೆದಿರಬೇಕು.

ನಾಲ್ಕನೆಯದು ಚಾವಣಿಯ ಮೇಲಿನ ಯಂತ್ರಗಳು. ಹವಾನಿಯಂತ್ರಣ ಯಂತ್ರ, ಫ್ಯಾನಿನ ಮುಚ್ಚಳ, ಡಿಶ್ ಆಂಟೆನಾಗಳನ್ನು ಪಟ್ಟಿ-ಬೋಲ್ಟುಗಳಿಂದ ಬಿಗಿದಿರಬೇಕು. ಯಂತ್ರವೊಂದು ಉರುಳಿದರೆ ಅದು ಬಿಟ್ಟುಹೋದ ತೂತಿನಿಂದ ಮಳೆ ಒಳಸುರಿಯುತ್ತದೆ. ಉರುಳುವ ಯಂತ್ರ ಹೊದಿಕೆಯನ್ನೂ ಹರಿಯುತ್ತದೆ. ಬಿಡಿ ವಸ್ತುಗಳು ನೆರೆಯವರಿಗೂ ಅಪಾಯಕರ. 1983ರಲ್ಲಿ ಅಲೀಷಿಯಾ ಹರಿಕೇನ್ ಬಂದಾಗ ಚಾವಣಿಗಳಿಂದ ಹಾರಿದ ಜಲ್ಲಿ ಹ್ಯೂಸ್ಟನ್ ನಗರದ ಗಗನಚುಂಬಿ ಕಟ್ಟಡಗಳ ಗಾಜುಗಳನ್ನು ಒಡೆಯಿತು.

ಐದನೆಯದು ಕಾಗದಪತ್ರ. ಚಾವಣಿಯ ಛಾಯಾಚಿತ್ರಗಳನ್ನು ದಿನಾಂಕಸಹಿತ ತೆಗೆದು ಕಟ್ಟಡದ ಹೊರಗೆ ಎಲ್ಲಾದರೂ ಇಟ್ಟುಕೊಳ್ಳಿ. ವಿಮೆಯ ಪತ್ರವನ್ನು ಓದಿ. ಹರಿಕೇನ್ ನಷ್ಟದಲ್ಲಿ ನೀವೇ ಭರಿಸಬೇಕಾದ ಪಾಲು ಅನೇಕವೇಳೆ ನಿಗದಿತ ಮೊತ್ತವಾಗಿರದೆ, ವಿಮೆಯ ಒಟ್ಟು ಮೌಲ್ಯದ ಶೇಕಡಾ ಲೆಕ್ಕದಲ್ಲಿರುತ್ತದೆ. ಹತ್ತು ಲಕ್ಷ ಡಾಲರಿನ ಕಟ್ಟಡಕ್ಕೆ ಶೇಕಡಾ 5 ಎಂದರೆ 50,000 ಡಾಲರು! ಪರವಾನಗಿಯುಳ್ಳ ಗುತ್ತಿಗೆದಾರರೊಡನೆ ಈಗಲೇ ಮಾತನಾಡಿಟ್ಟುಕೊಳ್ಳಿ. ಬಿರುಗಾಳಿಯ ಮರುದಿನ ಬಾಗಿಲು ತಟ್ಟುವ ಅಪರಿಚಿತರನ್ನು ನಂಬಿ ಮುಂಗಡ ಕೊಡಬೇಡಿ.

ಕಡೆಯದಾಗಿ ಒಂದು ಎಚ್ಚರಿಕೆ. ರಾಷ್ಟ್ರೀಯ ಹರಿಕೇನ್ ಕೇಂದ್ರವು ಬಿರುಗಾಳಿಯ ಮಟ್ಟದ ಗಾಳಿ ಬೀಸತೊಡಗುವ ಸುಮಾರು 48 ಗಂಟೆಗಳ ಮುನ್ನ ಮುನ್ಸೂಚನೆಯನ್ನೂ, 36 ಗಂಟೆಗಳ ಮುನ್ನ ಎಚ್ಚರಿಕೆಯನ್ನೂ ನೀಡುತ್ತದೆ. ಆ ಅವಧಿಯಲ್ಲಿ ಬಿಡಿ ವಸ್ತುಗಳನ್ನು ಇಳಿಸಬಹುದು, ಕೊಳವೆಗಳನ್ನು ಮತ್ತೊಮ್ಮೆ ನೋಡಬಹುದು, ಅಷ್ಟೇ. ದುರಸ್ತಿಗೆ ಆಗ ಕಾಲ ಮೀರಿರುತ್ತದೆ. ಗಾಳಿಯೆದ್ದ ಮೇಲಂತೂ ಯಾರನ್ನೂ ಚಾವಣಿ ಹತ್ತಿಸಬಾರದು. ಕಟ್ಟಡ ಹೋದರೆ ಮತ್ತೆ ಕಟ್ಟಬಹುದು.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆಂಬ ಗಾದೆ ನಮ್ಮಲ್ಲಿದೆ. ಬಾವಿ ತೋಡಲು ಈಗ ನಮಗೆ ಸಮಯವಿದೆ. ಅಂದು ನನ್ನ ಮಿತ್ರರಿಗೆ ಎರಡನೆಯ ಸಲ ಹೇಳದಿದ್ದುದನ್ನು ಇಂದು ನಿಮ್ಮೆಲ್ಲರಿಗೂ ಹೇಳುತ್ತಿದ್ದೇನೆ: ಬರುವ ವಾರವೇ ಚಾವಣಿಯ ಅಂಚನ್ನು ಪರೀಕ್ಷೆ ಮಾಡಿಸಿ.