ತುಂಗಭದ್ರೆಯ ಹಳೆಯ ಒಡ್ಡುಗಳು

ಪ್ರಾಚೀನ ನಿರ್ಮಾಣಗಳ ರಕ್ಷಣೆಯೆಂದೊಡನೆ ಬಳ್ಳಾರಿಯವರ ಕಣ್ಣು ಸಹಜವಾಗಿಯೇ ಕೋಟೆಗುಡ್ಡದ ಕಡೆಗೆ ಹೊರಳುವುದು. ಹನುಮಪ್ಪ ನಾಯಕನ ಮೇಲುಕೋಟೆಯನ್ನೂ, ಹೈದರಾಲಿಯು ಫ್ರೆಂಚ್ ಎಂಜಿನಿಯರನೊಬ್ಬನಿಂದ ಕಟ್ಟಿಸಿದ ಕೆಳಕೋಟೆಯನ್ನೂ, ಎದುರಿನ ಕುಂಬಾರ ಗುಡ್ಡವು ಕೋಟೆಗಿಂತ ಎತ್ತರವಾಗಿರುವುದನ್ನು ಗಮನಿಸದ ತಪ್ಪಿಗೆ ಆ ಎಂಜಿನಿಯರನನ್ನು ಗಲ್ಲಿಗೇರಿಸಿದರೆಂಬ ಐತಿಹ್ಯವನ್ನೂ ಊರಿಗೆ ಬಂದ ಅತಿಥಿಗೆ ಬಣ್ಣಿಸದೆ ಬಿಡುವವರು ವಿರಳ. ಕುರುಗೋಡಿನ ದೊಡ್ಡಬಸವೇಶ್ವರನಿಗೆ ಇಂಥ ಬಣ್ಣನೆಯ ಹಂಗಿಲ್ಲ. ಅಲ್ಲಿ ಪೂಜೆಯು ನಿಲ್ಲದಿರುವುದರಿಂದ ಗುಡಿಯ ಯೋಗಕ್ಷೇಮವೂ ಭಕ್ತರದೇ. ಸ್ವಾತಂತ್ರ್ಯಯೋಧರನ್ನು ಸೆರೆಯಿಟ್ಟಿದ್ದ ಅಲ್ಲೀಪುರದ ಜೈಲಿನ ಆವರಣದಲ್ಲಿ ಇಂದು ವೈದ್ಯಕೀಯ ಮಹಾವಿದ್ಯಾಲಯವಿದೆ. ಆದರೆ ಉಪಯೋಗದಿಂದಲೇ ಉಳಿದು ಬಂದ ನಿರ್ಮಾಣಗಳಲ್ಲಿ ಅಗ್ರಸ್ಥಾನಕ್ಕೆ ಅರ್ಹವಾದವು ಇವಾವುವೂ ಅಲ್ಲ. ತುಂಗಭದ್ರೆಗೆ ಅಡ್ಡಲಾಗಿ ವಿಜಯನಗರದ ಅರಸರ ಕಾಲದಲ್ಲಿ ಹಾಕಿದ ಒಡ್ಡುಗಳು ಮತ್ತು ಅವುಗಳಿಂದ ಹೊರಟ ಕಾಲುವೆಗಳು.

ತುರ್ತಾ, ರಾಮಸಾಗರ, ಕಂಪ್ಲಿ, ಸಿರುಗುಪ್ಪ, ದೇಶನೂರು ಎಂದು ಇವುಗಳ ನಾಮಾವಳಿಯು ನದಿಯೊಡನೆ ಕೆಳಕ್ಕಿಳಿಯುತ್ತದೆ. ಇವುಗಳನ್ನು ಕಟ್ಟಿದವರು ಹೊಳೆಯನ್ನು ಎದುರಿಸುವುದಕ್ಕೆ ಹೋಗಲಿಲ್ಲ. ನಡುಗಡ್ಡೆ ಎಲ್ಲಿದೆ, ಪಾತ್ರದಲ್ಲಿ ಬಂಡೆ ಎಲ್ಲಿ ತಲೆಯೆತ್ತಿದೆ ಎಂಬುದನ್ನು ನೋಡಿಕೊಂಡು, ಒಂದರಿಂದ ಇನ್ನೊಂದಕ್ಕೆ ಭಾರೀ ಗುಂಡುಕಲ್ಲುಗಳನ್ನು ಪೇರಿಸುತ್ತ ಸಾಗಿದ್ದರಿಂದ ಒಡ್ಡು ನೇರ ಗೆರೆಯಲ್ಲಿರದೆ ಸೊಟ್ಟಸೊಟ್ಟಾಗಿ ಹರಿದಾಡಿದೆ. ಮಹಾಪೂರ ಬಂದಾಗ ನೀರು ಮೇಲಿಂದ ಹಾಯ್ದುಹೋಗುವುದು. ಬೇಸಗೆಯಲ್ಲಿ ಕಲ್ಲಿನ ಸಂದುಗಳಲ್ಲಿ ಜಿನುಗಿದ್ದು ಕೆಳಗಿನ ಒಡ್ಡಿನವರ ಪಾಲಾಗುವುದು. ಸೋರುವಿಕೆಯೆಂದು ಇಂದಿನ ಎಂಜಿನಿಯರು ಹೆಸರಿಸುವ ಈ ದೋಷವು ಕೆಳಗಿನ ಊರುಗಳಿಗೆ ಉಪಕಾರವೂ ಆಗಿತ್ತೆಂಬುದನ್ನು ಮರೆಯಲಾಗದು. ಸಿರುಗುಪ್ಪದ ಭತ್ತದ ಗದ್ದೆಗಳ ಖ್ಯಾತಿಗೆ ತುಂಗಭದ್ರಾ ಅಣೆಕಟ್ಟಿನ ನೀರು ಕಾರಣವಾಗುವುದಕ್ಕೆ ಎಷ್ಟೋ ಮೊದಲೇ ಈ ಕಾಲುವೆಗಳು ಬುನಾದಿ ಹಾಕಿದ್ದವು.

ಕಾಲಕ್ಕೆ ತಕ್ಕಂತೆ ಇವು ಬಾಗಿದ್ದೂ ಉಂಟು. ಕೃಷ್ಣದೇವರಾಯನ ಆಳ್ವಿಕೆಯಲ್ಲಿ, 1521ರ ಸುಮಾರಿಗೆ, ಬಸವಣ್ಣ ಕಾಲುವೆಗಾಗಿ ಕಟ್ಟಿದ ವಲ್ಲಭಾಪುರದ ಒಡ್ಡು 1953ರಲ್ಲಿ ತುಂಬಿದ ತುಂಗಭದ್ರಾ ಜಲಾಶಯದಲ್ಲಿ ಮುಳುಗಿತು, ಕಾಲುವೆಯು ಮುಳುಗಲಿಲ್ಲ. ಹೊಸ ಅಣೆಕಟ್ಟಿನಲ್ಲಿಯೇ ಅದಕ್ಕೆ ತೂಬನ್ನಿರಿಸಿ ಹಳೆಯ ಅಚ್ಚುಕಟ್ಟಿಗೆ ನೀರು ಹಾಯಿಸಿದರು. ಜೀರ್ಣೋದ್ಧಾರಕ್ಕೆ ಇದಕ್ಕಿಂತ ಉತ್ತಮವಾದ ನಿದರ್ಶನವನ್ನು ನಾನರಿಯೆ.

ಇತ್ತೀಚೆಗೆ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲದಿಂದ ಈ ಕಾಲುವೆಗಳ ಆಧುನೀಕರಣ ನಡೆದಿದೆ. ಇಕ್ಕೆಲಕ್ಕೂ ತಳಕ್ಕೂ ಕಾಂಕ್ರೀಟ್ ಹೊದಿಸಿದರೆ ಕೊನೆಯಂಚಿನ ಗದ್ದೆಗೆ ನೀರು ಬೇಗನೆ ತಲಪುವುದೆಂಬುದು ನಿಜ. ನೀರಿಗಾಗಿ ರಾತ್ರಿಯೆಲ್ಲ ಎದ್ದು ಕೂತ ರೈತನೆದುರು ಪ್ರಾಚೀನತೆಯ ಮಾತನ್ನಾಡುವುದು ಅವಿವೇಕ. ಆದರೆ ಮಣ್ಣಿನ ಕಾಲುವೆಯಿಂದ ಇಂಗಿದ ನೀರು ಆಸುಪಾಸಿನ ಬಾವಿಗಳಲ್ಲಿ ಹಾಗೂ ದಂಡೆಯ ಮರಗಳಲ್ಲಿ ಮರಳಿ ಕಾಣುತ್ತಿತ್ತು. 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಹಂಪೆಯ ನಡುವೆಯೇ ತುರ್ತಾ ಕಾಲುವೆ ಹರಿಯುವುದರಿಂದ ಪ್ರಶ್ನೆಯು ಇನ್ನಷ್ಟು ಸೂಕ್ಷ್ಮವಾಗುತ್ತದೆ. ನನ್ನ ಮಟ್ಟಿಗೆ, ಕುಸಿಯುವ ದಂಡೆಗೆ ಕಾಂಕ್ರೀಟ್ ಒಪ್ಪತಕ್ಕದ್ದೇ. ಪೂರ್ವಿಕರು ಕಲ್ಲಿನಲ್ಲಿ ಕಟ್ಟಿದ ಒಡ್ಡು, ತೂಬು, ಸೋಪಾನಗಳನ್ನು ಅದರೊಳಗೆ ಹೂಳುವುದು ಒಪ್ಪತಕ್ಕದ್ದಲ್ಲ.

ಹೊಸದೆಲ್ಲವೂ ಗಟ್ಟಿಯೆಂಬ ಭ್ರಮೆಗಂತೂ ಅವಕಾಶವಿಲ್ಲ. 2022ರಲ್ಲಿ ಬೈರದೇವನಹಳ್ಳಿಯ ಬಳಿ ತುಂಗಭದ್ರಾ ಕೆಳಮಟ್ಟದ ಕಾಲುವೆಯನ್ನು ವೇದಾವತಿ ನದಿಯಾಚೆ ದಾಟಿಸುವ ಮೇಲ್ಗಾಲುವೆಯ ಕಂಬವು ಪ್ರವಾಹಕ್ಕೆ ಕುಸಿದು, ಬೆಳೆ ನಿಂತಿದ್ದ ಹೊತ್ತಿನಲ್ಲಿಯೇ ನೀರು ನಿಂತಿತು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೆಯ ಗೇಟು ಸರಪಳಿ ಕಡಿದು ಕೊಚ್ಚಿಹೋಯಿತು. ಹರಿವ ನೀರಿನಲ್ಲಿಯೇ ತಡೆಹಲಗೆಗಳನ್ನಿಳಿಸಿ ತುಂಬಿದ ಜಲಾಶಯವನ್ನು ಉಳಿಸಿಕೊಳ್ಳಬೇಕಾಯಿತು. ಆ ಬಳಿಕ 33 ಗೇಟುಗಳನ್ನೂ ಬದಲಿಸಬೇಕೆಂಬ ನಿರ್ಧಾರವಾಗಿದೆ. ಕೆಳಗಿನ ಹಳೆಯ ಒಡ್ಡುಗಳಿಗೆ ಬದಲಿಸತಕ್ಕ ಗೇಟೂ ಇಲ್ಲ, ಸರಪಳಿಯೂ ಇಲ್ಲ. ಹೊಳೆ ಇಳಿದ ಮೇಲೆ ಸರಿದ ಕಲ್ಲನ್ನು ಮತ್ತೆ ಕೂರಿಸಬಲ್ಲ ಕೈಗಳು ಬೇಕು.