ಬರವೂ ಕೋಡಿಯೂ: ಚಿತ್ರದುರ್ಗ ಸೀಮೆಯ ಜಲಭಯ

ಚಿತ್ರದುರ್ಗ ಸೀಮೆಯೆಂದೊಡನೆ ವಾಚಕರ ಮನಸ್ಸಿಗೆ ಬರುವುದು ಬರಗಾಲ. ಇದು ಅಕಾರಣವಲ್ಲ. ಮುಂಗಾರಿನ ಮೋಡಗಳು ಪಶ್ಚಿಮಘಟ್ಟಗಳ ಮೇಲೆಯೇ ಬಹುಭಾಗ ಸುರಿದುಬಿಡುವುದರಿಂದ, ಅವುಗಳ ಮರೆಯಲ್ಲಿರುವ ಈ ನಾಡಿಗೆ ಉಳಿಯುವುದು ಸ್ವಲ್ಪವೇ. ಹೊಳಲ್ಕೆರೆಯ ಕಡೆ ಮಳೆ ಒಂದಿಷ್ಟು ಹೆಚ್ಚು. ಹಿರಿಯೂರಿನತ್ತ ಹೋದಂತೆ ಕಡಿಮೆ. ಆದರೆ ಇಲ್ಲಿಯ ವಿಪತ್ತು ಬರವೊಂದೇ ಎಂದು ತಿಳಿಯುವುದು ಸರಿಯಲ್ಲ. ಬರವೂ ನೆರೆಯೂ ಇಲ್ಲಿ ಒಂದೇ ಕೆರೆಯೇರಿಯನ್ನು ಆಶ್ರಯಿಸಿವೆ.

ಹಿಂದಿನವರು ಬರಗಳನ್ನು ನೆನಪಿಟ್ಟುದು ಸಂವತ್ಸರದ ಹೆಸರಿನಿಂದ. 1876-78ರ ಮಹಾಕ್ಷಾಮವು ಧಾತು ಈಶ್ವರದ ಬರವೆನಿಸಿತು. 1871ರ ಗಣತಿಯಲ್ಲಿ 50 ಲಕ್ಷಕ್ಕೆ ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕಿಂತ ಕಡಿಮೆಯಾಗಿತ್ತು.

ಈ ಭಯಕ್ಕೆ ನಾಡು ಕೊಟ್ಟ ಉತ್ತರವೇ ಕೆರೆ. ಚಂದ್ರವಳ್ಳಿಯ ಬಂಡೆಯ ಮೇಲಿನ, ಸುಮಾರು ನಾಲ್ಕನೆಯ ಶತಮಾನದ ಪ್ರಾಕೃತ ಶಾಸನವು ಕದಂಬ ಮಯೂರಶರ್ಮನ ತಟಾಕನಿರ್ಮಾಣವನ್ನು ಹೇಳುತ್ತದೆ. ದುರ್ಗದಲ್ಲಿ ಗೋಪಾಲಸ್ವಾಮಿ ಹೊಂಡ ತುಂಬಿ ಮಿಕ್ಕ ನೀರು ಅಕ್ಕತಂಗಿಯರ ಹೊಂಡಕ್ಕೂ, ಅಲ್ಲಿಂದ ಸಿಹಿನೀರು ಹೊಂಡ, ಸಂತೆಹೊಂಡಗಳಿಗೂ ಇಳಿಯುವ ಏರ್ಪಾಡನ್ನು ಕಂಡವರು ಆ ಕಾಲದವರ ಜಾಣತನಕ್ಕೆ ತಲೆದೂಗದಿರರು. ಹೊಳಲ್ಕೆರೆಯಂತೂ ಕೆರೆಯನ್ನು ಹೆಸರಿನಲ್ಲಿಯೇ ಧರಿಸಿದೆ.

ಆದರೆ ಸಾಲುಕೆರೆಗಳ ಗುಣವೇ ಅವುಗಳ ದೋಷವೂ ಹೌದು. ಮೇಲಿನ ಕೆರೆ ಒಡೆದರೆ ಅದರ ನೀರೆಲ್ಲ ಕೆಳಗಿನ ಕೆರೆಯ ಮೇಲೆ ಬೀಳುವುದು. ಬರದ ವರ್ಷಗಳಲ್ಲಿಯೇ ಈ ಅಪಾಯ ಸಿದ್ಧವಾಗುತ್ತಿರುತ್ತದೆ: ಏರಿಯ ಮಣ್ಣು ಬಿರಿಯುತ್ತದೆ, ಗಿಡಗಂಟೆಗಳು ಬೇರಿಳಿಸುತ್ತವೆ, ಇಲಿ ಹೆಗ್ಗಣಗಳು ಬಿಲ ತೋಡುತ್ತವೆ, ಅಂಗಳದಲ್ಲಿ ಹೂಳು ನಿಲ್ಲುತ್ತದೆ, ನೀರು ಕಾಣದ ಕೋಡಿಹಳ್ಳವನ್ನು ಯಾರೋ ಉತ್ತು ಬಿತ್ತುತ್ತಾರೆ. ಆಮೇಲೆ ಒಂದೇ ರಾತ್ರಿಯ ಜಡಿಮಳೆ ಸಾಕು. ಅತ್ತ, ಬತ್ತಿದ ಕೆರೆಯನ್ನು ಬಿಟ್ಟು ಕೊಳವೆಬಾವಿಯನ್ನು ಆಳಕ್ಕೆ ಇಳಿಸಿದವರಿಗೆ ಫ್ಲೋರೈಡ್ ಬೆರೆತ ನೀರಿನ ಬಾಧೆ ಬೇರೆ.

‘ಕೋಡಿ’ ಎಂಬ ಮಾತನ್ನೇ ನೋಡಬಹುದು. ಕೆರೆ ಕೋಡಿ ಬಿದ್ದಿತೆಂದರೆ ಊರಿಗೆ ಹಬ್ಬ. ಬಾಗಿನ ಬಿಡುವುದು ಆಗಲೇ. ಆದರೆ ಕೋಡಿಯ ಕೆಳಗೆ ಮನೆ ಕಟ್ಟಿಕೊಂಡವನಿಗೆ ಅದೇ ಮಾತು ಎಚ್ಚರಿಕೆ. ನಮ್ಮ ನಿಘಂಟುಗಳು ಈ ಎರಡನೆಯ ಭಾವವನ್ನೂ ಗಮನಿಸಬೇಕಾಗಿತ್ತೆಂದು ತೋರುತ್ತದೆ.

ಇದಕ್ಕೆ ದೊಡ್ಡ ನಿದರ್ಶನ ಹಿರಿಯೂರು ತಾಲ್ಲೂಕಿನ ಮಾರಿಕಣಿವೆ. ಬಾಬಾಬುಡನ್ ಗಿರಿಗಳಲ್ಲಿ ಹುಟ್ಟುವ ವೇದಾ, ಅವತಿಗಳು ಕಡೂರಿನ ಬಳಿ ಕೂಡಿ ವೇದಾವತಿಯಾಗಿ, ಹೊಸದುರ್ಗ ಸೀಮೆಯನ್ನು ಹಾದು ಈ ಕಣಿವೆಗೆ ಬರುತ್ತವೆ. ಇಲ್ಲಿ 1907ರಲ್ಲಿ ಪೂರ್ಣವಾದ ವಾಣೀವಿಲಾಸ ಸಾಗರದ ಗರಿಷ್ಠ ಮಟ್ಟ 130 ಅಡಿ. ಹಿಡಿಯುವ ನೀರು ಸುಮಾರು 30 ಟಿ.ಎಂ.ಸಿ. ಮೇಲ್ಭಾಗದ ಅಯ್ಯನಕೆರೆ, ಮದಗದಕೆರೆ ಮೊದಲಾದವು ತಮ್ಮ ಪಾಲನ್ನು ಹಿಡಿದು ಉಳಿದುದನ್ನೇ ಬಿಡುವುದರಿಂದ ಇದು ತುಂಬುವುದೇ ಅಪೂರ್ವ. 1933ರಲ್ಲಿ ಕೋಡಿ ಹರಿದುದು ಮತ್ತೆ ಹರಿದದ್ದು 2022ರ ಸೆಪ್ಟೆಂಬರಿನಲ್ಲಿ. ನಡುವಿನ 89 ವರ್ಷಗಳಲ್ಲಿ ಕೋಡಿಯನ್ನು ಕಣ್ಣಾರೆ ಕಂಡವರೇ ವಿರಳರಾದರು. ಹೊಳೆಯ ಪಾತ್ರವೆಂದರೆ ಒಣಮರಳೆಂದು ಬಗೆದು ಬೆಳೆದವರಿಗೆ ನೆರೆಯ ಅಳತೆ ಹೇಗೆ ತಿಳಿದೀತು? 2025ರ ಜನವರಿಯಲ್ಲಿ ಸಾಗರ ಮತ್ತೊಮ್ಮೆ ತುಂಬಿ ಹರಿಯಿತು. ಭದ್ರೆಯ ನೀರನ್ನೂ 2019ರಿಂದ ಇದಕ್ಕೆ ಹಾಯಿಸಲಾಗಿದೆ. ಆದುದರಿಂದ ವೇದಾವತಿಯ ಮಳೆಯೊಂದನ್ನೇ ನೋಡಿ ಕೋಡಿಯ ಕಾಲವನ್ನು ಊಹಿಸುವ ಹಳೆಯ ಲೆಕ್ಕ ಈಗ ಸಾಲದು.